ಹತ್ತು ತಿಂಗಳಿಂದ ಪ್ರಾರ್ಥನೆ ಒಳಗೆ ಇಳಿಯುತ್ತಿಲ್ಲ. ಇದು ರೋಗವೋ, ಪಾಪವೋ?

ಕ್ಯಾಂಪ್ ಸುನಂದಾ (ಬೆಳಗಾವಿ), ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದುತ್ತಿದ್ದೆ, ಬರೆಯುವುದು ಇದೇ ಮೊದಲು.

ನನಗೆ 46 ವರ್ಷ. ಮೆಥಡಿಸ್ಟ್ ಸಭೆಯವಳು, ಅಂದರೆ ಪ್ರೊಟೆಸ್ಟೆಂಟ್ ಚರ್ಚಿನವಳು. ಹದಿನೆಂಟು ವರ್ಷದಿಂದ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಬೆಳಿಗ್ಗೆ ಐದೂವರೆಗೆ ಎದ್ದು ಸತ್ಯವೇದ (ಬೈಬಲ್) ಓದುವುದು ಅಪ್ಪನಿಂದ ಬಂದ ರೂಢಿ. ಯಾವುದೂ ತಪ್ಪಿಲ್ಲ. ಆದರೆ ಹತ್ತು ತಿಂಗಳಿಂದ ಒಳಗೆ ಏನೂ ಆಗುತ್ತಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಹಾಲಿನವನ ಲೆಕ್ಕ ನೆನಪಾಗುತ್ತದೆ. ಹಾಡು ಬಾಯಿಂದ ಬರುತ್ತದೆ, ಅಷ್ಟೇ. ಹೋದ ವಾರ ಒಂಬತ್ತು ವರ್ಷದ ಹುಡುಗಿಯೊಬ್ಬಳು "ಟೀಚರ್, ನೀವು ಪಾಠ ಹೇಳುವಾಗ ಯಾಕೆ ಯಾವಾಗಲೂ ಕಿಟಕಿ ಕಡೆ ನೋಡ್ತೀರಿ?" ಅಂತ ಕೇಳಿದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಕಾರಣ ಗೊತ್ತಿಲ್ಲ ಅಂದರೆ ಸುಳ್ಳಾಗುತ್ತದೆ. ಕಳೆದ ವರ್ಷ ಅಪ್ಪ ತೀರಿಕೊಂಡರು. ಅಲ್ಲಿಂದ ತಮ್ಮನಿಗೂ ನನಗೂ ಮಾತಿಲ್ಲ. ಅವನು ಮುಧೋಳದ ಹತ್ತಿರ ಒಂದು ಹಳ್ಳಿಯಲ್ಲಿ ಅಪ್ಪನ ಹೊಲ ನೋಡಿಕೊಂಡು ಇದ್ದಾನೆ. ಪಾಲಿನ ವಿಷಯಕ್ಕೆ ಜಗಳ. ಅವನ ಹೆಸರು ಯಾರಾದರೂ ಎತ್ತಿದರೆ ಸಾಕು, ಎದೆ ಉರಿಯುತ್ತದೆ. ಕ್ಷಮಿಸಬೇಕು ಅಂತ ಗೊತ್ತು. ಮಕ್ಕಳಿಗೆ ಅದನ್ನೇ ಕಲಿಸುತ್ತೇನೆ. ನನ್ನ ಕೈಲೇ ಆಗುತ್ತಿಲ್ಲ.

ಒಂದು ಮನೆಯ ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡೆ. ನಡೆಸುವವರು "ನಿಮ್ಮ ನಂಬಿಕೆಯಲ್ಲೇ ಕೊರತೆ ಇದೆ, 21 ದಿನ ಉಪವಾಸ ಮಾಡಿ" ಅಂದರು. ಒಂದೇ ಹೊತ್ತು ಉಂಡು ಅದನ್ನೂ ಮುಗಿಸಿದೆ. ಸಿಟ್ಟು ಇದ್ದಲ್ಲೇ ಇದೆ.

ಇದು ರೋಗ ಅನ್ನುವುದಾದರೆ ರೋಗಿಯನ್ನು ಬೈಯುವುದು ಯಾಕೆ? ಪಾಪ ಅನ್ನುವುದಾದರೆ ಇಷ್ಟು ಒದ್ದಾಡಿದರೂ ಯಾಕೆ ಬಿಡುತ್ತಿಲ್ಲ? ಇನ್ನೊಂದು ಮಾತು. ಐದು ತಿಂಗಳಿಂದ ಪ್ರಭು ಭೋಜನದ ದಿನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವ ದಿನ, ನಾನು ಮುಂದೆ ಹೋಗುತ್ತಿಲ್ಲ, ಬೆಂಚಿನಲ್ಲೇ ಕೂತುಬಿಡುತ್ತೇನೆ. ಇದು ಸರಿಯಾ?


ಗುಳೇದಗುಡ್ಡದ ಮೊಮ್ಮಗ

ಅಕ್ಕಾ, ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯ ಓದಿ. ಮಾಡಬೇಕು ಅಂದುಕೊಂಡ ಒಳ್ಳೆಯದು ಆಗುವುದಿಲ್ಲ, ಬೇಡ ಅಂದುಕೊಂಡ ಕೆಟ್ಟದ್ದೇ ಆಗುತ್ತದೆ ಅಂತ ಪೌಲನೇ ಗೋಳಾಡಿದ್ದಾನೆ. ನೀವು ಒಬ್ಬರೇ ಅಲ್ಲ.


ನವನಗರ ಶಾಲೋಮ್ (ಬಾಗಲಕೋಟೆ)

ಸಿಸ್ಟರ್, ಉಪವಾಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಯೇಸು ಸ್ವಾಮಿಯೇ 40 ದಿನ ಮಾಡಿದರು. 21 ದಿನದಲ್ಲಿ ಬಿಡುಗಡೆ ಸಿಗಲಿಲ್ಲ ಅಂದರೆ ಒಳಗೆ ಏನೋ ಹಿಡಿದಿಟ್ಟುಕೊಂಡಿದ್ದೀರಿ ಅಂತ ಅರ್ಥ. ಅದನ್ನು ಬಿಡಿ, ದೇವರು ಕೊಡುತ್ತಾರೆ. ನನ್ನ ಜೀವನದಲ್ಲಿ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.


ವಿಜಯಪುರ ಡಾಕ್ಟರ್

ಮೊದಲು ನನ್ನ ಮಾತು ಕೇಳಿ, ಆಮೇಲೆ ಸತ್ಯವೇದ ತೆಗೆಯಿರಿ. ನಿದ್ದೆ ಹೇಗಿದೆ? ಊಟ ರುಚಿಸುತ್ತಾ? ಮೊದಲು ಇಷ್ಟ ಇದ್ದ ಕೆಲಸ ಈಗ ಬೇಡ ಅನಿಸುತ್ತಾ? ತಂದೆ ಹೋದ ಮೇಲೆ ಇದೆಲ್ಲ ತಿಂಗಳುಗಟ್ಟಲೆ ಮುಂದುವರಿದರೆ ಅದು ಖಿನ್ನತೆ ಇರಬಹುದು. ಅದು ನಂಬಿಕೆಯ ಕೊರತೆ ಅಲ್ಲ. ಬಿ.ಪಿ., ಶುಗರ್ ಇದ್ದ ಹಾಗೆ ಅದೂ ಒಂದು ಕಾಯಿಲೆ, ಔಷಧಿ ಇದೆ. 14416 ಅಂದರೆ ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಪಕ್ಕದ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ.

ನಾನೂ ಸಭೆಗೆ ಹೋಗುವವನೇ. ಪ್ರಾರ್ಥನೆ ಬಿಡಿ ಅನ್ನುತ್ತಿಲ್ಲ. ಆದರೆ ಪಟ್ಟಿ ಕಟ್ಟಬೇಕಾದ ಗಾಯಕ್ಕೆ ಉಪವಾಸ ಬರೆದುಕೊಡುವುದು ನನ್ನ ಕಣ್ಣಿಗೆ ತಪ್ಪು. ಹಾಗೆ ಬಂದ ಪೇಷಂಟ್‌ಗಳನ್ನು ಕೊನೆಗೆ ನಾವೇ ನೋಡಬೇಕು.


ಕ್ಯಾಂಪ್ ಸುನಂದಾ

ಡಾಕ್ಟರೇ, ಧನ್ಯವಾದ. ಜೂನ್ ತಿಂಗಳಲ್ಲಿ ಒಬ್ಬ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಮಾತ್ರೆ ಕೊಟ್ಟರು, ಈಗಲೂ ತೆಗೆದುಕೊಳ್ಳುತ್ತಿದ್ದೇನೆ. ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ನಾನು ಕೇಳುತ್ತಿರುವುದು ಅದಾದ ಮೇಲೂ ಉಳಿದದ್ದನ್ನು.


ವಿಜಯಪುರ ಡಾಕ್ಟರ್

ಹಾಗಾದರೆ ಒಳ್ಳೆಯದಾಯಿತು. ಅವರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಉಳಿದದ್ದನ್ನು ಇಲ್ಲಿಯವರು ಹೇಳಲಿ.


ಬೈಲಹೊಂಗಲ ಮಾಸ್ತರ್

ಸುನಂದಾ ಅವರೇ, ನಿಮ್ಮ ಕಿಟಕಿಯ ಮಾತು ಓದಿ ನಾನು ಎದ್ದು ಕೂತೆ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಇವಾಗ್ರಿಯಸ್ ಅಂತ ಒಬ್ಬ ಸನ್ಯಾಸಿ ಇದ್ದರು. 399ರಲ್ಲಿ ತೀರಿಕೊಂಡರು. ಸನ್ಯಾಸಿಗಳಿಗೆ ಬರುವ ಎಂಟು ಕೆಟ್ಟ ಯೋಚನೆಗಳನ್ನು ಅವರು ವಿವರಿಸಿದ್ದಾರೆ. ಅದರಲ್ಲಿ ಒಂದರ ಹೆಸರು ಅಕೀಡಿಯಾ. ನಡು ಮಧ್ಯಾಹ್ನ ಬರುತ್ತದೆ. ಹೊತ್ತು ನಿಂತೇಬಿಟ್ಟಿದೆ ಅನಿಸುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿ ಕಡೆ ನೋಡುತ್ತಾನೆ, ಹೊರಗೆ ಬಂದು ಬಿಸಿಲು ಎಷ್ಟು ಸರಿದಿದೆ ಅಂತ ನೋಡುತ್ತಾನೆ, ಇದ್ದ ಜಾಗ ಬೇಡ ಅನಿಸುತ್ತದೆ, ಕೆಲಸ ಬೇಡ ಅನಿಸುತ್ತದೆ. ಬಿಟ್ಟುಹೋದವರು, ನೋಯಿಸಿದವರು ನೆನಪಾಗುತ್ತಾರೆ. ಇವಾಗ್ರಿಯಸ್ ಬೈಯುವುದಿಲ್ಲ. ವೈದ್ಯರು ಲಕ್ಷಣ ಬರೆದುಕೊಳ್ಳುವ ಹಾಗೆ ಬರೆಯುತ್ತಾರೆ. ನಿಮ್ಮ ಆ ಪುಟ್ಟ ಹುಡುಗಿ 1,600 ವರ್ಷ ಹಳೆಯ ಲಕ್ಷಣವನ್ನು ಹಿಡಿದಿದ್ದಾಳೆ.

ಇನ್ನು ನಿಮ್ಮ ಪ್ರಶ್ನೆ. ರೋಗವೋ ಪಾಪವೋ ಅಂತ ಎರಡು ಮಾಡಿ ಕೇಳಿದ್ದೀರಿ. ಸತ್ಯವೇದದಲ್ಲಿ ಅವು ಅಷ್ಟು ಬೇರೆ ಬೇರೆ ಇಲ್ಲ. ಯೆಶಾಯನ ಮೊದಲನೇ ಅಧ್ಯಾಯದಲ್ಲಿ ಇಡೀ ಜನಾಂಗ ಅಂಗಾಲಿನಿಂದ ತಲೆಯವರೆಗೆ ಗಾಯಗೊಂಡ ಮೈ. ಯಾರೂ ತೊಳೆದಿಲ್ಲ, ಎಣ್ಣೆ ಹಚ್ಚಿಲ್ಲ. ಸುಂಕದವರ ಜೊತೆ ಊಟಕ್ಕೆ ಕೂತಿದ್ದಕ್ಕೆ ಬೈದಾಗ ಯೇಸು ಕೊಟ್ಟ ಉತ್ತರ ಏನು? ವೈದ್ಯ ಬೇಕಾಗಿರುವುದು ಆರೋಗ್ಯ ಇದ್ದವರಿಗಲ್ಲ, ರೋಗಿಗಳಿಗೆ. ಮಾರ್ಕ 2:17. ಗ್ರೀಕಿನಲ್ಲಿ ವಾಸಿ ಮಾಡುವುದಕ್ಕೂ ರಕ್ಷಿಸುವುದಕ್ಕೂ ಒಂದೇ ಕ್ರಿಯಾಪದ ಬರುತ್ತದೆ, ಸೋಜೋ. ಲೂಕ 7ರಲ್ಲಿ ಪಾಪಿಯಾದ ಹೆಂಗಸಿಗೂ, 8ರಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸಿಗೂ ಯೇಸು ಹೇಳುವುದು ಅಕ್ಷರಕ್ಕೆ ಅಕ್ಷರ ಒಂದೇ ಮಾತು. ಅನುವಾದ ಮಾಡುವಾಗ ನಾವು ಒಂದು ಕಡೆ ರಕ್ಷಣೆ, ಇನ್ನೊಂದು ಕಡೆ ಸ್ವಸ್ಥ ಅಂತ ಬೇರೆ ಮಾಡಿಕೊಂಡೆವು.


ನವನಗರ ಶಾಲೋಮ್

ಮಾಸ್ತರರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ಎಲ್ಲವನ್ನೂ ರೋಗ ಅಂದುಬಿಟ್ಟರೆ ಜವಾಬ್ದಾರಿ ಯಾರದು? ಕದ್ದವನು ರೋಗಿ, ಹೆಂಡತಿಗೆ ಹೊಡೆಯುವವನು ರೋಗಿ. ಹಾಗಾದರೆ ಪಶ್ಚಾತ್ತಾಪ ಯಾಕೆ ಬೇಕು? ಜ್ವರ ಬಂದವನು ಪಶ್ಚಾತ್ತಾಪ ಪಡುತ್ತಾನಾ?


ಇವತ್ತು ಒಂದೇ ದಿನ (ಬೆಳಗಾವಿ)

ಶಾಲೋಮ್ ತಮ್ಮಾ, ಇದಕ್ಕೆ ನಾನು ಉತ್ತರ ಕೊಡಲಾ? ನಾನು ಕುಡುಕ. ಕುಡಿಯದೆ ಹನ್ನೊಂದು ವರ್ಷ ಆಯಿತು, ಆದರೂ ಕುಡುಕ ಅಂತಲೇ ಹೇಳಿಕೊಳ್ಳುತ್ತೇನೆ. ನಮ್ಮ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ) ಕೂಟದಲ್ಲಿ ಹಾಗೇ ಶುರು ಮಾಡುವುದು.

ಎ.ಎ. ಹುಟ್ಟಿದ್ದು 1935ರಲ್ಲಿ, ಅಮೆರಿಕದ ಆಕ್ರನ್ ಊರಿನಲ್ಲಿ. ಕುಡಿತ ಬಿಡಲಾಗದ ಒಬ್ಬ ಷೇರು ವ್ಯಾಪಾರಿ, ಕುಡಿತ ಬಿಡಲಾಗದ ಒಬ್ಬ ಡಾಕ್ಟರ್, ಇಬ್ಬರೂ ಕೂತು ಮಾತಾಡಿದ್ದರಿಂದ. ಎ.ಎ.ಯ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದು ಏನು ಗೊತ್ತಾ? ನನ್ನ ಕೈಲಿ ಆಗುವುದಿಲ್ಲ ಅಂತ ಒಪ್ಪಿಕೊಳ್ಳುವುದು. ನಾನು ಅದಕ್ಕೆ ಮುಂಚೆ ಎಷ್ಟು ಆಣೆ ಹಾಕಿದ್ದೆ! ಮಗಳ ತಲೆ ಮುಟ್ಟಿ, ಅವ್ವನ ತಾಳಿ ಮುಟ್ಟಿ, ಗುಡ್ ಫ್ರೈಡೇ ದಿನ ಶಿಲುಬೆ ಮುಟ್ಟಿ. ಒಂದೊಂದು ಆಣೆ ಮುರಿದಾಗಲೂ ಇನ್ನೂ ಜಾಸ್ತಿ ಕುಡಿದೆ, ಯಾಕೆಂದರೆ ಈಗ ನಾಚಿಕೆಯೂ ಸೇರಿತ್ತು.

ನನಗೆ ರೋಗ ಬಂದದ್ದು ನನ್ನ ಆಯ್ಕೆ ಅಲ್ಲ. ಡಾಕ್ಟರ ಬಾಗಿಲು ತಟ್ಟುವುದು ನನ್ನ ಆಯ್ಕೆ. ಅದೂ ಅಲ್ಲದೆ ಎಂಟು ಮತ್ತು ಒಂಬತ್ತನೇ ಮೆಟ್ಟಿಲು ಇದೆ. ನಾನು ಯಾರಿಗೆಲ್ಲ ನೋವು ಮಾಡಿದೆ ಅಂತ ಪಟ್ಟಿ ಬರೆಯಬೇಕು. ಅವರಿಗೆ ಇನ್ನೂ ಹಾನಿಯಾಗದ ಹಾಗೆ, ಅವರ ಮುಖಕ್ಕೆ ಮುಖ ಕೊಟ್ಟು ಸರಿಪಡಿಸಬೇಕು. ನನ್ನ ಪಟ್ಟಿಯಲ್ಲಿ 31 ಹೆಸರಿತ್ತು. ರೋಗ ಅಂದದ್ದರಿಂದ ಜವಾಬ್ದಾರಿ ತಪ್ಪಲಿಲ್ಲ ತಮ್ಮಾ. ಹೊರುವ ಶಕ್ತಿ ಬಂತು.


ನವನಗರ ಶಾಲೋಮ್

ಇದನ್ನು ಒಪ್ಪುತ್ತೇನೆ ಅಣ್ಣಾ. ನಿಮ್ಮ ಸಾಕ್ಷಿಗಾಗಿ ಸ್ತೋತ್ರ.


ತಿಕೋಟಾ ದ್ರಾಕ್ಷಿ

ಅಕ್ಕಾರ, ಇಷ್ಟೆಲ್ಲ ದೊಡ್ಡ ಮಾತಿನ ನಡುವೆ ಒಂದು ಸಣ್ಣ ವಿಷಯ. ನಿಮ್ಮ ತಂದೆ ಉಯಿಲು ಬರೆದಿದ್ದಾರಾ? ಇಲ್ಲ ಅಂದರೆ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ. ಮಗನಿಗೂ ಮಗಳಿಗೂ ಸಮಪಾಲು. ಸುಮ್ನೆ ಕ್ಷಮಿಸಿ ಕ್ಷಮಿಸಿ ಅಂತ ಹೆಣ್ಣುಮಕ್ಕಳ ಕೈಲಿ ಸಹಿ ಹಾಕಿಸಿಕೊಳ್ಳುವವರನ್ನು ನಾನು ಬಹಳ ನೋಡಿದ್ದೇನೆ.


ಖಾನಾಪುರದ ಲೂಸಿ

ತಿಕೋಟಾದವರ ಮಾತು ನನಗೆ ಸರಿ ಅನಿಸಿತು. ಕ್ಷಮೆ ಅಂದರೆ ಹಕ್ಕು ಬಿಟ್ಟುಕೊಡುವುದು ಅಂತ ಎಲ್ಲೂ ಬರೆದಿಲ್ಲ.

ಸುನಂದಾ, ನಾನು ಕಥೋಲಿಕಳು. ನಮ್ಮಲ್ಲಿ ಗುಣಪಡಿಸುವ ಸಂಸ್ಕಾರ ಅಂತ ಎರಡನ್ನು ಕರೆಯುತ್ತಾರೆ. ಒಂದು ಪಾಪನಿವೇದನೆ, ಅಂದರೆ ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವುದು, ಇನ್ನೊಂದು ರೋಗಿಗಳಿಗೆ ಎಣ್ಣೆ ಹಚ್ಚುವುದು. ನೋಡಿ, ಒಂದು ಪಾಪಕ್ಕೆ, ಒಂದು ಕಾಯಿಲೆಗೆ, ಎರಡೂ ಒಂದೇ ಗುಂಪಿನಲ್ಲಿ. ಪರಮಪ್ರಸಾದಕ್ಕೆ (ನೀವು ಪ್ರಭು ಭೋಜನ ಅನ್ನುವುದಕ್ಕೆ) ಹೋಗುವ ಮುಂಚೆ ನಾವೆಲ್ಲ ಒಟ್ಟಿಗೆ ಒಂದು ಮಾತು ಹೇಳುತ್ತೇವೆ. ನೀವು ನನ್ನಲ್ಲಿ ಬರಲು ನಾನು ತಕ್ಕವಳಲ್ಲ, ಒಂದು ಮಾತು ಹೇಳಿ ಸಾಕು, ನನ್ನ ಆತ್ಮ ಗುಣವಾಗುತ್ತದೆ ಅಂತ. ಅದು ಮತ್ತಾಯ 8ರಲ್ಲಿ ರೋಮನ್ ಶತಾಧಿಪತಿ ತನ್ನ ಆಳಿಗೋಸ್ಕರ ಹೇಳಿದ ಮಾತು. ತಕ್ಕವಳಲ್ಲ ಅಂತ ಹೇಳಿ ಹಿಂದೆ ಹೋಗುವುದಿಲ್ಲ, ಹಾಗೆ ಹೇಳಿಕೊಂಡೇ ಮುಂದೆ ಹೋಗುತ್ತೇವೆ.

ಆದರೆ ದೊಡ್ಡ ಪಾಪ ಇದ್ದರೆ ಮೊದಲು ನಿವೇದನೆ ಮಾಡಬೇಕು ಅನ್ನುವುದು ನಮ್ಮ ನಿಯಮ. ನಾನು ಒಂದು ಸಲ ಹನ್ನೊಂದು ವರ್ಷ ಮಾಡಿರಲಿಲ್ಲ. ಹೋದ ದಿನ ಕೈ ಎಷ್ಟು ನಡುಗಿತು ಅಂದರೆ ಜಪಸರ ಕೆಳಗೆ ಬಿತ್ತು. ಫಾದರ್ ಬಗ್ಗಿ ಎತ್ತಿಕೊಟ್ಟರು. ಏನೂ ಬೈಯಲಿಲ್ಲ.


ಕೂಡಲ ದಾರಿ (ಹುನಗುಂದ)

ನಾನು ಕ್ರೈಸ್ತನಲ್ಲ, ಲಿಂಗಾಯತ ಮನೆಯವನು. ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮಲ್ಲೂ ಭವರೋಗ ಅನ್ನುವ ಮಾತಿದೆ. ಹುಟ್ಟು ಸಾವಿನ ಈ ಬಾಳೇ ಒಂದು ರೋಗ, ದೇವರೇ ವೈದ್ಯ. ನೀನು ಒಲಿದರೆ ಒಣ ಕೊರಡೂ ಚಿಗುರುತ್ತದೆ ಅನ್ನುವ ಅರ್ಥದ ಬಸವಣ್ಣನವರ ವಚನ ಈ ಭಾಗದಲ್ಲಿ ಗೊತ್ತಿಲ್ಲದವರಿಲ್ಲ. ಕೃಷ್ಣಾ ಮಲಪ್ರಭಾ ಕೂಡುವಲ್ಲಿ ನಿಂತಾಗ ನನಗೆ ಅದೇ ನೆನಪಾಗುತ್ತದೆ. ಕೊರಡು ತಾನಾಗಿ ಚಿಗುರುವುದಿಲ್ಲ. ನೀವು ಕೃಪೆ ಅನ್ನುವುದು ಇದನ್ನೇ ಅಲ್ವಾ?


ಗುಳೇದಗುಡ್ಡದ ಮೊಮ್ಮಗ

ನಮ್ಮ ಅಜ್ಜಿ ನೇಕಾರರ ಮನೆಯವರು. ಬಾಸೆಲ್ ಮಿಷನ್ನಿನವರು ಗುಳೇದಗುಡ್ಡಕ್ಕೆ ಬಂದದ್ದು 1851ರಲ್ಲಿ. ಅಜ್ಜಿ ಖಣ ನೇಯುವಾಗ ಕ್ರೈಸ್ತ ಕೀರ್ತನೆಯೂ ಹೇಳುತ್ತಿದ್ದರು, ಪಕ್ಕದ ಮನೆಯವರ ವಚನವೂ ಹೇಳುತ್ತಿದ್ದರು. ಒಲಿಯುವುದು ಅನ್ನುವ ಮಾತು ಅವರ ಬಾಯಲ್ಲಿ ಎರಡೂ ಕಡೆ ಬರುತ್ತಿತ್ತು.


ಖಾನಾಪುರದ ಲೂಸಿ

ನಾವು ಕಥೋಲಿಕರು ಕೃಪೆಗೆ ವರಪ್ರಸಾದ ಅನ್ನುತ್ತೇವೆ. ಮರಿಯಮ್ಮನ ಜಪದಲ್ಲಿ ವರಪ್ರಸಾದ ಪೂರ್ಣೆ ಅಂತಲೇ ಬರುತ್ತದೆ. ಪ್ರಸಾದ ಅಂದರೆ ದುಡ್ಡು ಕೊಟ್ಟು ತರುವುದಲ್ಲ, ಕೈ ಚಾಚಿದರೆ ಸಿಗುವುದು. ನನಗೆ ಆ ಶಬ್ದ ಬಹಳ ಇಷ್ಟ.


ಟಿಳಕವಾಡಿ ಹುಡುಗ

ಬೆಳಗಾವಿಗೆ ಮಿಷನ್ ಬಂದದ್ದು ಅದಕ್ಕೂ ಮುಂಚೆ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿ ಬಂದರು. 1904ರಲ್ಲಿ ಅದು ಮೆಥಡಿಸ್ಟರ ಕೈಗೆ ಹೋಯಿತು. ಸುಮ್ನೆ ಹೇಳಿದೆ.


ಬೈಲಹೊಂಗಲ ಮಾಸ್ತರ್

ಹುನಗುಂದದವರೇ, ಕ್ಷಮೆ ಯಾಕೆ ಕೇಳುತ್ತೀರಿ. ನಿಮ್ಮ ಮಾತಿನಿಂದ ನನಗೆ ಸಂತೋಷವಾಯಿತು. ಕೊರಡು ತಾನಾಗಿ ಚಿಗುರುವುದಿಲ್ಲ ಅನ್ನುವಲ್ಲಿ ನಾವಿಬ್ಬರೂ ಒಂದೇ ಕಡೆ. ವ್ಯತ್ಯಾಸ ಇರುವುದನ್ನೂ ಮುಚ್ಚಿಡಬಾರದು. ಕ್ರೈಸ್ತರು ಕೃಪೆ ಅಂದಾಗ ಒಬ್ಬ ವ್ಯಕ್ತಿಯನ್ನು, ಒಂದು ಶಿಲುಬೆಯನ್ನು ತೋರಿಸುತ್ತಾರೆ. ವೈದ್ಯನೇ ರೋಗಿಯ ಗಾಯವನ್ನು ತನ್ನ ಮೈಮೇಲೆ ತೆಗೆದುಕೊಂಡ ಅನ್ನುವುದು ನಮ್ಮ ನಂಬಿಕೆಯ ನಡುಭಾಗ. ಅದನ್ನು ತೆಗೆದರೆ ನಮ್ಮ ಮಾತು ಉಳಿಯುವುದಿಲ್ಲ.

ಈ ಜಗಳ ನಮ್ಮೊಳಗೇ ಬಹಳ ಹಳೆಯದು. ಐದನೇ ಶತಮಾನದ ಆರಂಭದಲ್ಲಿ ಪೆಲಾಜಿಯಸ್ ಅಂತ ಬ್ರಿಟನ್ನಿನಿಂದ ಬಂದ ಸನ್ಯಾಸಿ ಇದ್ದ. ಶಿಸ್ತಿನ ಮನುಷ್ಯ, ಕೆಟ್ಟವನಲ್ಲ. ದೇವರು ಆಜ್ಞೆ ಕೊಟ್ಟಿದ್ದಾನೆ ಅಂದರೆ ಪಾಲಿಸುವ ಶಕ್ತಿ ನಮ್ಮಲ್ಲಿ ಇರಲೇಬೇಕು, ಮನಸ್ಸು ಮಾಡಬೇಕು ಅಷ್ಟೇ ಅಂದ. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಒಪ್ಪಲಿಲ್ಲ. ಮನಸ್ಸು ಮಾಡುವುದು ಅಂತೀಯಲ್ಲ, ಆ ಮನಸ್ಸಿಗೇ ರೋಗ ಹಿಡಿದಿದೆ ಅಂದರು. ಅವರು ಹದಿನಾರನೇ ವಯಸ್ಸಿನಲ್ಲಿ ಗೆಳೆಯರ ಜೊತೆ ಪಕ್ಕದ ತೋಟದ ಪೇರಳೆ ಹಣ್ಣು ಕದ್ದಿದ್ದರು. ಹಸಿವಿರಲಿಲ್ಲ. ಹಣ್ಣು ಚೆನ್ನಾಗೂ ಇರಲಿಲ್ಲ, ಜಾಸ್ತಿ ಹಂದಿಗೆ ಹಾಕಿದರು. ಮತ್ತೆ ಯಾಕೆ ಕದ್ದೆ ಅನ್ನುವ ಪ್ರಶ್ನೆ ಅವರನ್ನು ನಲವತ್ತು ದಾಟಿದ ಮೇಲೂ ಬಿಡಲಿಲ್ಲ. 418ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಕೂಡಿದ ಬಿಷಪ್ಪರ ಸಭೆ ಪೆಲಾಜಿಯಸ್ ಮಾತನ್ನು ತಳ್ಳಿಹಾಕಿತು.

ಸುನಂದಾ ಅವರೇ, ನಿಮಗೆ 21 ದಿನ ಬರೆದುಕೊಟ್ಟವರು ಗೊತ್ತಿಲ್ಲದೆ ಪೆಲಾಜಿಯಸ್‌ನ ಔಷಧಿ ಕೊಟ್ಟಿದ್ದಾರೆ. ಉಪವಾಸ ತಪ್ಪಲ್ಲ. ಉಪವಾಸ ಮಾಡಿ ಕೃಪೆಯನ್ನು ಗಳಿಸು ಅನ್ನುವುದು ತಪ್ಪು.


ನವನಗರ ಶಾಲೋಮ್

ಹಾಗಾದರೆ ಹುಟ್ಟಿದ ಮಗುವಿಗೂ ಪಾಪ ಇದೆಯಾ? ಕಥೋಲಿಕರು ಅದಕ್ಕೇ ಅಲ್ವಾ ಕೂಸಿಗೆ ದೀಕ್ಷಾಸ್ನಾನ ಕೊಡುವುದು? ಇದನ್ನು ನಾನು ಒಪ್ಪುವುದಿಲ್ಲ.


ಖಾನಾಪುರದ ಲೂಸಿ

ಶಾಲೋಮ್, ಕೂಸುಗಳಿಗೆ ಮೆಥಡಿಸ್ಟರೂ ಕೊಡುತ್ತಾರೆ, ಸಿ.ಎಸ್.ಐ.ನವರೂ (ದಕ್ಷಿಣ ಭಾರತ ಸಭೆ) ಕೊಡುತ್ತಾರೆ. ಸುಮ್ನೆ ನಮ್ಮ ಮೇಲೆ ಹಾಕಬೇಡ.


ಬೈಲಹೊಂಗಲ ಮಾಸ್ತರ್

ಪೂರ್ವದ ಆರ್ಥಡಾಕ್ಸ್ ಸಭೆಗಳು ಮೊದಲ ಮನುಷ್ಯ ಆದಾಮನ ಅಪರಾಧ ನಮಗೆ ಬರುವುದಿಲ್ಲ, ಸಾವು ಮತ್ತು ಕೆಡುಕಿನ ರೋಗ ಮಾತ್ರ ಬರುತ್ತದೆ ಅನ್ನುತ್ತವೆ. ಶಾಲೋಮ್‌ಗೆ ಅದು ಹಿಡಿಸಬಹುದು. ಪಶ್ಚಿಮದವರೂ ಮೊದಲಿನಷ್ಟು ಹೊಡೆದಾಡುತ್ತಿಲ್ಲ. ನಾವು ಒಳ್ಳೆಯವರು ಅಂತ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಅಂತ ಲುಥರನ್ನರೂ ಕಥೋಲಿಕರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕೂಡಿ ಸಹಿ ಹಾಕಿದರು. 2006ರಲ್ಲಿ ಮೆಥಡಿಸ್ಟರೂ ಸೇರಿಕೊಂಡರು.


ನಿರ್ವಾಹಕ

ದೀಕ್ಷಾಸ್ನಾನಕ್ಕೆ ಬೇರೆ ಚರ್ಚೆ ತೆರೆಯಿರಿ. ಸುನಂದಾ ಅವರ ಕೊನೆಯ ಪ್ರಶ್ನೆ ಹಾಗೇ ಉಳಿದಿದೆ. ಪ್ರಭು ಭೋಜನಕ್ಕೆ ಹೋಗಬೇಕಾ ಬೇಡವಾ?


ನವನಗರ ಶಾಲೋಮ್

ಬೇಡ. ಮತ್ತಾಯ 5:23 ಸ್ಪಷ್ಟವಾಗಿದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗು, ಮೊದಲು ಸಹೋದರನ ಜೊತೆ ಸಮಾಧಾನ ಮಾಡಿಕೋ, ಆಮೇಲೆ ಬಾ. ಸಿಸ್ಟರ್ ಮಾಡುತ್ತಿರುವುದು ಸರಿ.


ಇವತ್ತು ಒಂದೇ ದಿನ

ಒಂದು ನಿಮಿಷ. ಆ ವಾಕ್ಯವನ್ನು ಇನ್ನೊಂದು ಸಲ ಓದು ತಮ್ಮಾ. ನಿನಗೆ ಸಹೋದರನ ಮೇಲೆ ಏನಾದರೂ ಇದ್ದರೆ ಅಂತ ಇಲ್ಲ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಅಂತ ಇದೆ. ನಮ್ಮ ಸಿಟ್ಟಿನ ಮಾತು ಮಾರ್ಕ 11:25ರಲ್ಲಿ ಬರುತ್ತದೆ. ಅಲ್ಲಿ ನಿಂತು ಪ್ರಾರ್ಥಿಸುವಾಗ ನಿಂತಲ್ಲೇ ಕ್ಷಮಿಸು ಅಂತ ಇದೆ, ಎಲ್ಲಿಗೂ ಹೋಗು ಅಂತ ಇಲ್ಲ. ನನ್ನ 31 ಹೆಸರಿನ ಪಟ್ಟಿ ಬರೆಯುವಾಗ ನಮ್ಮ ಹಿರಿಯರು ಇದನ್ನು ತೋರಿಸಿಕೊಟ್ಟರು. ನಾನು ಮೊದಲು ಬರೆದದ್ದು ನನಗೆ ಮೋಸ ಮಾಡಿದವರ ಹೆಸರು. ಅವರು ಹಾಳೆ ತಿರುಗಿಸಿ ಹಿಂದೆ ಬರಿ ಅಂದರು.

ಅಕ್ಕಾ, ನಿಮ್ಮ ತಮ್ಮನಿಗೆ ನಿಮ್ಮ ಮೇಲೆ ಏನಾದರೂ ಇದೆಯಾ?


ಬೈಲಹೊಂಗಲ ಮಾಸ್ತರ್

ಇದು ಒಳ್ಳೆಯ ಓದು. ನಾನು ಎಷ್ಟೋ ಸಲ ಬೋಧನೆ ಮಾಡಿದ್ದೇನೆ, ಇಷ್ಟು ನೇರವಾಗಿ ಕೇಳಿಲ್ಲ.

ಭೋಜನದ ಬಗ್ಗೆ ನನ್ನ ಅಭಿಪ್ರಾಯ ಶಾಲೋಮ್‌ಗಿಂತ ಬೇರೆ. ಎರಡನೇ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಪ್ರಭು ಭೋಜನದ ರೊಟ್ಟಿಯನ್ನು ಸಾವಿಲ್ಲದಂತೆ ಮಾಡುವ ಔಷಧಿ ಅಂತ ಕರೆದರು. ಔಷಧಿಯನ್ನು ವಾಸಿಯಾದ ಮೇಲೆ ಕೊಡುತ್ತಾರಾ? ಮೆಥಡಿಸ್ಟರಿಗೆ ಇದು ಇನ್ನೂ ಹತ್ತಿರದ ಮಾತು. ಮೆಥಡಿಸ್ಟ್ ಪಂಗಡಕ್ಕೆ ಮೂಲವಾದ ಜಾನ್ ವೆಸ್ಲಿ ಪಾದ್ರಿಯಾಗಿ ಹತ್ತು ವರ್ಷ ಆಗಿತ್ತು. ಉಪವಾಸ ಮಾಡುತ್ತಿದ್ದರು, ಸೆರೆಮನೆಗೆ ಹೋಗಿ ಕೈದಿಗಳನ್ನು ನೋಡುತ್ತಿದ್ದರು, ದಿನದ ಒಂದೊಂದು ಗಂಟೆಗೂ ಲೆಕ್ಕ ಇಡುತ್ತಿದ್ದರು. ಒಳಗೆ ಮಾತ್ರ ಒಣ. 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋದರು. ಅಲ್ಲಿ ಎದೆ ಬೆಚ್ಚಗಾಯಿತು ಅಂತ ಬರೆದುಕೊಂಡಿದ್ದಾರೆ. ಅವರು ಮಾಡಿದ್ದು ಏನೂ ಇಲ್ಲ, ಸುಮ್ಮನೆ ಕೂತು ಕೇಳುತ್ತಿದ್ದರು. ನಾವು ಹುಡುಕುವ ಮುಂಚೆಯೇ ಬರುವ ಕೃಪೆ ಅಂತ ಅವರು ಜೀವನಪೂರ್ತಿ ಕಲಿಸಿದರು. ಪ್ರಭುವಿನ ಮೇಜು ಗುಣವಾದವರಿಗೆ ಬಹುಮಾನ ಅಲ್ಲ, ಗುಣ ಆಗುವುದೇ ಅಲ್ಲಿ ಅನ್ನುವುದು ಅವರ ನಿಲುವು. ನನ್ನ ಮಾತು ಕೇಳುವುದಾದರೆ ಹೋಗಿ.


ಕ್ಯಾಂಪ್ ಸುನಂದಾ, ಗುರುವಾರ ರಾತ್ರಿ 1:15

ನಾಲ್ಕು ದಿನ ಉತ್ತರ ಬರೆದಿಲ್ಲ. ಹಾಳೆ ತಿರುಗಿಸಿ ಅಂದ ಅಣ್ಣನವರ ಮಾತು ಓದಿದ ಮೇಲೆ ಕೈ ಓಡಲಿಲ್ಲ.

ಜಗಳ ಪಾಲಿನದು ಅಂತ ಬರೆದಿದ್ದೆ. ಅದು ಅರ್ಧ ನಿಜ. ಅಪ್ಪನನ್ನು ಕೊನೆಯ ಮೂರು ತಿಂಗಳು ನಾನೊಬ್ಬಳೇ ನೋಡಿಕೊಂಡೆ. ಕೊನೆಯ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ನರ್ಸ್ ಬಂದು "ಯಾರನ್ನಾದರೂ ಕರೆಸುವುದಿದ್ದರೆ ಈಗಲೇ ಕರೆಸಿ" ಅಂದಳು. ಫೋನ್ ಕೈಯಲ್ಲೇ ಇತ್ತು. ತಮ್ಮನ ಹೆಸರು ತೆಗೆದೆ. ಬೆರಳು ಅದರ ಮೇಲೇ ಇತ್ತು. ಒತ್ತಲಿಲ್ಲ. ಪರದೆ ಆರಿಹೋಗುತ್ತಿತ್ತು, ಮತ್ತೆ ಮುಟ್ಟಿ ಹಚ್ಚುತ್ತಿದ್ದೆ. ಮೂರು ತಿಂಗಳು ನೋಡಿಕೊಂಡವಳು ನಾನು, ಕೊನೆಯ ಹೊತ್ತೂ ನನಗೇ ಇರಲಿ ಅನಿಸಿತು. ಹೀಗೆ ಬರೆಯುವಾಗ ಎಷ್ಟು ಸಣ್ಣದಾಗಿ ಕಾಣುತ್ತದೆ.

ಅಪ್ಪ ಮೂರು ಸಲ ಅವನ ಹೆಸರು ಹಿಡಿದು ಕೇಳಿದರು. ಮೂರು ಸಲವೂ "ಬರುತ್ತಿದ್ದಾನೆ" ಅಂದೆ.

ನಾಲ್ಕೂವರೆಗೆ ಹೋದರು. ಐದು ಗಂಟೆಗೆ ತಮ್ಮನಿಗೆ ಫೋನ್ ಮಾಡಿ ಬಾ ಅಂದೆ, ಹೋದರು ಅಂತ ಹೇಳಲಿಲ್ಲ. ಅವನು ಒಂಬತ್ತಕ್ಕೆ ಬಂದ. ಕೈಯಲ್ಲಿ ಸ್ಟೀಲ್ ಕ್ಯಾನ್. ಅಪ್ಪನಿಗೆ ಅಂತ ಅಂಬಲಿ ತಂದಿದ್ದ. ಎಲ್ಲರ ಮುಂದೆ ನಾನು ಅಂದೆ, "ಪಾಲು ಕೇಳಲು ಸರಿಯಾದ ಹೊತ್ತಿಗೆ ಬಂದೆ." ಅವನು ಏನೂ ಅನ್ನಲಿಲ್ಲ. ಆ ಕ್ಯಾನ್ ಸಂಜೆಯವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಹಾಗೇ ಇತ್ತು.

ಇಷ್ಟು ದಿನ ಅವನನ್ನು ಕ್ಷಮಿಸಲು ಆಗುತ್ತಿಲ್ಲ ಅಂತ ಪ್ರಾರ್ಥಿಸುತ್ತಿದ್ದೆ. 21 ದಿನ ಉಪವಾಸ ಮಾಡಿದ್ದೂ ಅದಕ್ಕೇ.


ಖಾನಾಪುರದ ಲೂಸಿ

ಸುನಂದಾ, ಓದಿದೆ. ರಾತ್ರಿ ಒಂದೂಕಾಲಿಗೆ ಬರೆದಿದ್ದೀರಿ. ಈಗ ಸ್ವಲ್ಪ ಮಲಗಿ.


ಇವತ್ತು ಒಂದೇ ದಿನ

ಅಕ್ಕಾ, ಇದನ್ನು ನೀವು ಯಾರಿಗೂ ಹೇಳದೆ ಹತ್ತು ತಿಂಗಳು ಹೊತ್ತಿದ್ದೀರಿ. ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ, ಆಗ ಗುಣವಾಗುತ್ತೀರಿ ಅಂತ ಯಾಕೋಬ 5:16ರಲ್ಲಿ ಇದೆ. ಗುಣವಾಗುತ್ತೀರಿ ಅನ್ನುವ ಶಬ್ದವೇ ಅಲ್ಲಿ ಇದೆ, ನೋಡಿ. ಇಲ್ಲಿ ಹೇಳಿದ್ದು ಒಳ್ಳೆಯದಾಯಿತು. ಆದರೆ ನಮಗೆ ನಿಮ್ಮ ಮುಖ ಗೊತ್ತಿಲ್ಲ. ಮುಖ ಗೊತ್ತಿರುವ ಒಬ್ಬರಿಗೆ ಹೇಳಿ. ಒಬ್ಬರು ಸಾಕು. ಆಮೇಲೆ ತಮ್ಮ.


ನವನಗರ ಶಾಲೋಮ್

ಸಿಸ್ಟರ್, ಒಳಗೆ ಏನೋ ಹಿಡಿದಿಟ್ಟುಕೊಂಡಿದ್ದೀರಿ ಅಂತ ಮೊದಲ ದಿನ ಸಲೀಸಾಗಿ ಬರೆದುಬಿಟ್ಟೆ. ಅದು ನಿಜವೇ ಆಗಿದ್ದರೂ ಹಾಗೆ ಬರೆಯಬಾರದಿತ್ತು. ಕ್ಷಮಿಸಿ. ನಿಮಗಾಗಿ ಪ್ರಾರ್ಥಿಸುತ್ತಿದ್ದೇನೆ. ಮೇಜಿನ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಮಾಸ್ತರರ ಕಡೆ ಬಂದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.


ಕೂಡಲ ದಾರಿ

ತಂಗೀ, ಅಂಬಲಿ ಕ್ಯಾನಿನ ಮಾತು ಓದಿ ಕಣ್ಣು ತುಂಬಿತು.


ತಿಕೋಟಾ ದ್ರಾಕ್ಷಿ

ಅಕ್ಕಾರ, ಪಾಲಿನ ಮಾತು ಆಮೇಲೆ ಇದ್ದೇ ಇದೆ. ಎರಡನ್ನೂ ಒಂದೇ ದಿನ ಎತ್ತಬೇಡಿ.


ಕ್ಯಾಂಪ್ ಸುನಂದಾ, ಎರಡು ವಾರದ ನಂತರ

ಎಲ್ಲರಿಗೂ ತಿಳಿಸಬೇಕು ಅನಿಸಿತು.

ನಮ್ಮ ಸಭಾಪಾಲಕರ ಹೆಂಡತಿಯ ಹತ್ತಿರ ಮೊದಲು ಹೇಳಿದೆ. ಅವರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು, ನಾನೂ ಒಂದು ಕಟ್ಟು ಬಿಡಿಸುತ್ತಾ ಹೇಳಿದೆ. ಮುಖ ನೋಡಿ ಹೇಳಲು ಆಗಲಿಲ್ಲ. ಕೇಳಿ ಅವರು ನನ್ನ ಕೈ ಹಿಡಿದು ಪ್ರಾರ್ಥನೆ ಮಾಡಿದರು. ಬಹಳ ಚಿಕ್ಕ ಪ್ರಾರ್ಥನೆ.

ಮೊದಲನೇ ಭಾನುವಾರ ಪ್ರಭು ಭೋಜನ ಇತ್ತು. ತಮ್ಮನ ಹತ್ತಿರ ಇನ್ನೂ ಹೋಗಿರಲಿಲ್ಲ. ಶಾಲೋಮ್ ತಮ್ಮಾ, ನಿನ್ನ ಮಾತೂ ನೆನಪಿತ್ತು. ಆದರೂ ಎದ್ದು ಹೋದೆ. ಮೊಣಕಾಲೂರಿದಾಗ ಎದೆ ಬೆಚ್ಚಗಾಗಲಿಲ್ಲ, ಏನೂ ಆಗಲಿಲ್ಲ. ಕೈ ಚಾಚಿದೆ, ಕೊಟ್ಟರು. ಬೆಂಚಿಗೆ ವಾಪಸ್ ಬಂದು ಕೂತಾಗ ಮುಧೋಳಕ್ಕೆ ಹೋಗಬಹುದು ಅನಿಸಿತು. ಹೋಗಬೇಕು ಅಂತ ಹತ್ತು ತಿಂಗಳಿಂದ ಅನಿಸುತ್ತಿತ್ತು. ಹೋಗಬಹುದು ಅಂತ ಅನಿಸಿದ್ದು ಅವತ್ತೇ.

ಶನಿವಾರ ಹೋದೆ. ತಮ್ಮನ ಹೆಂಡತಿ ಬಾಗಿಲಲ್ಲಿ ನೋಡಿ ಗಾಬರಿಯಾದಳು, ಆಮೇಲೆ ಒಳಗೆ ಕರೆದು ನೀರು ಕೊಟ್ಟಳು, ಚಹಾ ಇಟ್ಟಳು. ತಮ್ಮ ಹೊಲದಿಂದ ಬಂದ. ನಾನು ಕೂರದೆ ನಿಂತೇ ಹೇಳಿದೆ, ಇಲ್ಲಿ ಬರೆದದ್ದನ್ನೇ. ಹನ್ನೊಂದು ಗಂಟೆ, ನರ್ಸ್, ಫೋನ್. ಎಲ್ಲರ ಮುಂದೆ ಅಂದ ಮಾತು. ಅಪ್ಪ ಅವನ ಹೆಸರು ಕೇಳಿದ್ದನ್ನು ಹೇಳುವಷ್ಟರಲ್ಲಿ ಗಂಟಲು ಕಟ್ಟಿತು, ನಿಲ್ಲಿಸಿಬಿಟ್ಟೆ.

ಅವನು ಏನೂ ಮಾತಾಡಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಎಮ್ಮೆಗೆ ಮೇವು ಹಾಕಿದ. ಬಹಳ ಹೊತ್ತು ಹಾಕಿದ. ನಾನು ಚೀಲ ತೆಗೆದುಕೊಂಡು ಹೊರಡಲು ಎದ್ದೆ. ಆಗ ಒಳಗೆ ಬಂದು ಬಾಗಿಲ ಹತ್ತಿರ ನಿಂತು ಕೇಳಿದ, "ಅಪ್ಪ ನನ್ನ ಕೇಳಿದನೇನು?"

ಮೂರು ಸಲ ಅಂದೆ. ಎಷ್ಟೆಷ್ಟು ಹೊತ್ತಿಗೆ, ಏನೇನು ಅಂದರು, ಎಲ್ಲ ಹೇಳು ಅಂದ. ಹೇಳುತ್ತಾ ಕೂತೆ. ಆರು ಗಂಟೆಯ ಬಸ್ ಹೋಯಿತು, ಎಂಟರದ್ದೂ ಹೋಯಿತು. ರಾತ್ರಿ ಅಲ್ಲೇ ಉಳಿದೆ.